ಟೈಲ್‌ವಿಂಡ್ ವಿವಾದ ಮತ್ತು ಜಾಲತಾಣದ ಖರ್ಚು

ಜಾಲತಾಣ ಮಾಡಿಸಲು ಇಬ್ಬರು ತಂತ್ರಜ್ಞರಿಂದ ದರಪಟ್ಟಿ ತರಿಸಿದ ಉದ್ಯಮಿಯು ಅವುಗಳಲ್ಲಿ ಒಂದು ಸಾಲನ್ನು ಸಾಮಾನ್ಯವಾಗಿ ಓದದೆ ಬಿಡುತ್ತಾನೆ. ಒಬ್ಬರು ‘ಬೂಟ್‌ಸ್ಟ್ರ್ಯಾಪ್ ಬಳಸಲಾಗುವುದು’ ಎಂದು ಬರೆದಿರುತ್ತಾರೆ. ಮತ್ತೊಬ್ಬರು ‘ಟೈಲ್‌ವಿಂಡ್’ ಎಂದು ಬರೆದಿರುತ್ತಾರೆ. ಎರಡೂ ಉಚಿತವೆಂದು ಕೇಳಿದ ಮೇಲೆ ದೃಷ್ಟಿ ಕೊನೆಯ ಮೊತ್ತಕ್ಕೆ ಹೋಗುವುದು ಸಹಜ. ಆದರೆ ಮುಂದಿನ ವರ್ಷಗಳ ನಿರ್ವಹಣಾ ವೆಚ್ಚವು ಬಹುಮಟ್ಟಿಗೆ ಆ ಸಾಲನ್ನೇ ಅವಲಂಬಿಸಿರುತ್ತದೆ.

ಜಾಲಪುಟದ ವಿಷಯವನ್ನು ಎಚ್‌ಟಿಎಂಎಲ್‌ನಲ್ಲಿಯೂ, ಅದರ ಬಣ್ಣ, ಅಕ್ಷರದ ಗಾತ್ರ, ಅಂತರ ಮುಂತಾದ ರೂಪವನ್ನು ಸಿಎಸ್‌ಎಸ್‌ನಲ್ಲಿಯೂ ಬರೆಯಲಾಗುತ್ತದೆ. ಸಿಎಸ್‌ಎಸ್‌ನ ಮೊದಲ ಮಾನಕ ಅಂಗೀಕೃತವಾದದ್ದು 1996ರ ಡಿಸೆಂಬರಿನಲ್ಲಿ. ಪ್ರತಿ ಬಾರಿಯೂ ಎಲ್ಲವನ್ನೂ ಹೊಸದಾಗಿ ಬರೆಯುವ ಶ್ರಮವನ್ನು ತಪ್ಪಿಸಲು ಸಿದ್ಧ ಸಂಗ್ರಹಗಳು ಬಂದವು. ಟ್ವಿಟರ್ ಸಂಸ್ಥೆಯ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ರೂಪಿಸಿದ ಬೂಟ್‌ಸ್ಟ್ರ್ಯಾಪ್ 2011ರ ಆಗಸ್ಟಿನಲ್ಲಿ ಸಾರ್ವಜನಿಕವಾಯಿತು. ಇದು ಸಿದ್ಧ ಉಡುಪಿನಂತೆ: ಗುಂಡಿ, ಕೋಷ್ಟಕ, ಮೆನು ಎಲ್ಲವೂ ಹೊಲಿದೇ ಬರುತ್ತವೆ. ಆಡಂ ವಾಥನ್ ಮತ್ತು ಸಂಗಡಿಗರು 2017ರಲ್ಲಿ ಹೊರತಂದ ಟೈಲ್‌ವಿಂಡ್‌ನಲ್ಲಿ ಸಿದ್ಧ ಗುಂಡಿ ಇಲ್ಲ. ನೀಲಿ ಬಣ್ಣಕ್ಕೊಂದು, ಒಳ ಅಂತರಕ್ಕೊಂದು, ದುಂಡು ಮೂಲೆಗೊಂದು ಎಂಬಂತೆ ನೂರಾರು ಸಣ್ಣ ಹೆಸರುಗಳಿದ್ದು, ಬೇಕಾದವನ್ನು ಆಯಾ ಅಂಶದ ಮೇಲೆಯೇ ಸಾಲಾಗಿ ಬರೆಯಬೇಕು.

ಎರಡು ಪಕ್ಷಗಳು

ತಂತ್ರಜ್ಞರಲ್ಲಿ ತೀವ್ರ ಮತಭೇದ ಹುಟ್ಟಿದ್ದು ಇಲ್ಲಿಯೇ. ವಿರೋಧಿಗಳ ಆಕ್ಷೇಪವನ್ನು ಟ್ಯಾಲಿ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಲೆಡ್ಜರ್ ಮಾಸ್ಟರ್‌ನಲ್ಲಿ ಗಿರಾಕಿಯ ಹೆಸರನ್ನು ಒಮ್ಮೆ ತಿದ್ದಿದರೆ ಎಲ್ಲ ವೋಚರುಗಳಲ್ಲಿಯೂ ಅದು ಬದಲಾಗುತ್ತದೆ. ರೂಪದ ನಿಯಮಗಳೂ ಹೀಗೆ ಒಂದೆಡೆ ಇರಬೇಕು, ಪುಟಪುಟದಲ್ಲಿಯೂ ಬರೆದರೆ ಓದಲೂ ಕಷ್ಟ, ತಿದ್ದಲೂ ಕಷ್ಟ ಎಂಬುದು ಅವರ ವಾದ.

ಪರವಾದಿಗಳ ಉತ್ತರವೂ ತಳ್ಳಿಹಾಕುವಂತಹುದಲ್ಲ. ವರ್ಷಗಳು ಕಳೆದಂತೆ ಯಾವ ನಿಯಮ ಯಾವ ಪುಟವನ್ನು ಅವಲಂಬಿಸಿದೆ ಎಂಬುದು ಯಾರಿಗೂ ತಿಳಿಯದಾಗುತ್ತದೆ. ಅಳಿಸಲು ಎಲ್ಲರೂ ಅಂಜುತ್ತಾರೆ. ಕಡತ ಬೆಳೆಯುತ್ತಲೇ ಹೋಗುತ್ತದೆ. ಟೈಲ್‌ವಿಂಡ್‌ನಲ್ಲಿ ಒಂದು ಪುಟದ ತಿದ್ದುಪಡಿ ಮತ್ತೊಂದನ್ನು ಕೆಡಿಸುವುದಿಲ್ಲ. ಬಳಸಿದ ಹೆಸರುಗಳಿಗೆ ಮಾತ್ರ ನಿಯಮಗಳು ತಯಾರಾಗುವುದರಿಂದ ಕಡತವೂ ಚಿಕ್ಕದು.

ವಾಸ್ತವದಲ್ಲಿ ಈ ವಿವಾದದ ನಿರ್ಣಯವು ತಾಣದ ರಚನೆಯನ್ನು ಅವಲಂಬಿಸಿದೆ. ಉತ್ಪನ್ನ ಪುಟಗಳೆಲ್ಲವೂ ಒಂದೇ ಮಾದರಿ ಕಡತದಿಂದ ಮೂಡುವಂತಿದ್ದರೆ ಪುನರಾವರ್ತನೆಯ ಆಕ್ಷೇಪ ಬಹುಪಾಲು ಬಿದ್ದುಹೋಗುತ್ತದೆ. ನಲವತ್ತು ಪುಟಗಳನ್ನು ಒಂದರಿಂದೊಂದು ನಕಲು ಮಾಡಿ ಕಟ್ಟಿದ್ದರೆ, ಗುಂಡಿಯ ಬಣ್ಣ ಬದಲಿಸಲು ನಲವತ್ತು ಕಡೆ ತಿದ್ದಬೇಕು. ಆ ಕೂಲಿಯನ್ನು ಕೊಡುವವನು ಮಾಲೀಕ. ಆದುದರಿಂದ ಯಾವ ಸಂಗ್ರಹವೆಂದು ಕೇಳುವುದಕ್ಕಿಂತ ಪುಟಗಳು ಮಾದರಿಯಿಂದ ಮೂಡುತ್ತವೆಯೇ ಎಂದು ಕೇಳುವುದು ಲಾಭಕರ.

ಒಪ್ಪಂದಕ್ಕೆ ಮುನ್ನ

ಟೈಲ್‌ವಿಂಡ್ ತಾಣದಲ್ಲಿ ಮೂಲ ಕಡತಗಳೇ ಬೇರೆ, ಅವುಗಳಿಂದ ತಯಾರಾಗಿ ಸರ್ವರ್‌ಗೆ ಹೋಗುವ ಸಿಎಸ್‌ಎಸ್ ಕಡತವೇ ಬೇರೆ. ತಂತ್ರಜ್ಞನು ಎರಡನೆಯದನ್ನು ಮಾತ್ರ ಒಪ್ಪಿಸಿ ಹೋದರೆ, ಮುಂದೆ ಬಂದವನು ಹೊಸ ಹೆಸರೊಂದನ್ನು ಬರೆದಾಗ ಅದಕ್ಕೆ ನಿಯಮವೇ ಇರುವುದಿಲ್ಲ. ಪುಟದಲ್ಲಿ ಏನೂ ಬದಲಾಗದು. ಅನೇಕ ವೇಳೆ ಇಡೀ ತಾಣವನ್ನು ಮತ್ತೆ ಕಟ್ಟಿಸಬೇಕಾಗುತ್ತದೆ. ಮೂಲ ಕಡತಗಳ ಹಸ್ತಾಂತರವಾಗದೆ ಕೊನೆಯ ಕಂತು ಪಾವತಿಯಾಗಕೂಡದು. ಕೃತಿಸ್ವಾಮ್ಯದ ವರ್ಗಾವಣೆಯೂ 1957ರ ಕಾಯಿದೆಯ 19ನೆಯ ಕಲಮಿನಂತೆ ಸಹಿಯುಳ್ಳ ಲಿಖಿತ ರೂಪದಲ್ಲಿರಬೇಕು.

ಆವೃತ್ತಿಯನ್ನೂ ಕೇಳತಕ್ಕದ್ದು. ಬೂಟ್‌ಸ್ಟ್ರ್ಯಾಪ್ 3ಕ್ಕೆ ಅದರ ನಿರ್ಮಾಪಕರ ಬೆಂಬಲ 2019ರಲ್ಲಿಯೇ ನಿಂತಿದೆ. 2025ರ ಜನವರಿಯಲ್ಲಿ ಬಂದ ಟೈಲ್‌ವಿಂಡ್ 4ಕ್ಕೆ ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128 ಅಥವಾ ಅನಂತರದ ಬ್ರೌಸರುಗಳು ಬೇಕು. ಹಳೆಯ ಮೊಬೈಲಿನಲ್ಲಿ ದರ ನೋಡುವ ಚಿಲ್ಲರೆ ಅಂಗಡಿಯವರೇ ಗಿರಾಕಿಗಳಾಗಿದ್ದರೆ ಪುಟ ಅಸ್ತವ್ಯಸ್ತವಾಗಿ ಕಾಣಬಹುದು. ಅಂತಹವರು 3.4ರಲ್ಲಿಯೇ ಇರುವುದು ಸೂಕ್ತವೆಂದು ನಿರ್ಮಾಪಕರೇ ತಿಳಿಸಿದ್ದಾರೆ.

‘ಉಚಿತ’ ಎಂಬ ಪದವನ್ನು ಮಾತ್ರ ಲೆಕ್ಕಿಗನ ಕಣ್ಣಿನಿಂದ ನೋಡಬೇಕು. ಟೈಲ್‌ವಿಂಡ್ ಸಂಸ್ಥೆಯ ಆದಾಯ ಬರುತ್ತಿದ್ದುದು ಅದು ಮಾರುವ ಸಿದ್ಧ ವಿನ್ಯಾಸಗಳಿಂದ; ಖರೀದಿದಾರರು ಬರುತ್ತಿದ್ದುದು ಅದರ ಕೈಪಿಡಿ ಪುಟಗಳನ್ನು ಓದುತ್ತ. ಕೃತಕ ಬುದ್ಧಿಮತ್ತೆಯ ಸಾಧನಗಳೇ ಉತ್ತರ ಕೊಡತೊಡಗಿದ ಮೇಲೆ ಕೈಪಿಡಿ ಓದುವವರು ಕಡಿಮೆಯಾದರು. ಬಳಕೆ ಹೆಚ್ಚಿದರೂ ವರಮಾನ ಕುಸಿದು, 2026ರ ಜನವರಿಯಲ್ಲಿ ಸಂಸ್ಥೆಯು ತನ್ನ ಎಂಜಿನಿಯರುಗಳಲ್ಲಿ ಹೆಚ್ಚಿನವರನ್ನು ಬಿಡಬೇಕಾಯಿತು. ಬಳಿಕ ಕೆಲವು ದೊಡ್ಡ ಕಂಪನಿಗಳು ಪ್ರಾಯೋಜಕತ್ವಕ್ಕೆ ಮುಂದೆ ಬಂದವು. ಎಂಐಟಿ ಪರವಾನಗಿಯಿರುವುದರಿಂದ ಈಗಾಗಲೇ ಕಟ್ಟಿದ ತಾಣಗಳಿಗೆ ಬಾಧೆಯಿಲ್ಲ, ರಾಯಧನದ ಬೇಡಿಕೆಯೂ ಬಾರದು.

ಲೆಕ್ಕಪುಸ್ತಕಗಳಲ್ಲಿ ಇದನ್ನು ತೋರಿಸುವ ಬಗೆ ತಾಣದ ಉದ್ದೇಶವನ್ನು ಅನುಸರಿಸುತ್ತದೆ. ಪ್ರಚಾರಕ್ಕಷ್ಟೇ ಇರುವ ತಾಣದ ನಿರ್ಮಾಣ ವೆಚ್ಚವು ಆಯಾ ವರ್ಷದ ಖರ್ಚೆಂದು ಇಂಡ್ ಎಎಸ್ 38ರ ಅನುಬಂಧ ಸ್ಪಷ್ಟಪಡಿಸಿದೆ. ಸಣ್ಣ ಸಂಸ್ಥೆಗಳಿಗೆ ಅನ್ವಯಿಸುವ ಎಎಸ್ 26 ಕೂಡ ಜಾಹೀರಾತು ವೆಚ್ಚವನ್ನು ಖರ್ಚೆಂದೇ ಪರಿಗಣಿಸುತ್ತದೆ. ನೇರವಾಗಿ ಆದೇಶ ಸ್ವೀಕರಿಸುವ ತಾಣವಾದರೆ, ನಿಗದಿತ ಷರತ್ತುಗಳು ಪೂರೈಸಿದಲ್ಲಿ ನಿರ್ಮಾಣ ವೆಚ್ಚವನ್ನು ಅಮೂರ್ತ ಆಸ್ತಿಯಾಗಿ ತೋರಿಸಬಹುದು. ತಾಣಕ್ಕೆ ಹೊಸ ಸೌಲಭ್ಯ ಸೇರದೆ ಆವೃತ್ತಿ 3ರಿಂದ 4ಕ್ಕೆ ಮಾಡಿಸಿದ ಬದಲಾವಣೆ ಆಗಲೂ ನಿರ್ವಹಣಾ ಖರ್ಚಿಗೇ ಸೇರತಕ್ಕದ್ದು.