ತಲೆಗೊಂದು ಡಾಲರು: ಶಾಲಾಮಕ್ಕಳ ಧರ್ಮಕಾರ್ಯದ ವಿಷಯವಾಗಿ ಒಂದು ಪಾಠ



ಶಾಲೆಯ ಮಕ್ಕಳ ಕೈಯಿಂದ ಧರ್ಮಕಾರ್ಯಕ್ಕೆ ಹಣ ಕೂಡಿಸುವದು ಈಗ ಎಲ್ಲಾ ಕಡೆಗಳಲ್ಲಿಯೂ ವಾಡಿಕೆಯಾಗಿದೆ. ನೆರೆ ಬಂದು ಊರುಗಳು ಹಾಳಾದರೆ ಮಕ್ಕಳು ಡಬ್ಬಿ ಹಿಡಿದು ಮನೆಮನೆಗೆ ಹೊರಡುತ್ತಾರೆ. ಶಾಲೆಯ ವಾರ್ಷಿಕೋತ್ಸವ ಬಂದರೆ ರಸೀತಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಂದು ತಂದೆತಾಯಿಗಳ ಮುಂದೆ ತೆಗೆಯುತ್ತಾರೆ. ಇದು ಒಳ್ಳೇದೇ ಸರಿ. ಆದರೆ ಈ ಕೆಲಸವು ಅನೇಕ ಸ್ಥಳಗಳಲ್ಲಿ ನಡೆಯುವ ರೀತಿಯನ್ನು ನೋಡಿದರೆ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಅದೇನಂದರೆ, ಐನೂರು ರೂಪಾಯಿ ತಂದ ಹುಡುಗನ ಹೆಸರನ್ನು ಎಲ್ಲರ ಮುಂದೆ ಓದಿ ಚಪ್ಪಾಳೆ ತಟ್ಟಿಸುವಾಗ, ಏನೂ ತರಲಾರದೆ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಕೂಲಿಯವನ ಮಗಳು ಆ ದಿವಸ ಕಲಿಯುವ ಪಾಠ ಯಾವದು? ಧರ್ಮ ಮಾಡುವದು ಹಣವುಳ್ಳವರ ಕೆಲಸ, ನನ್ನಂಥವಳದಲ್ಲ ಎಂಬ ಪಾಠವನ್ನೇ ಅವಳು ಮನೆಗೆ ತಕ್ಕೊಂಡು ಹೋಗುವಳಲ್ಲವೇ? ನೆರೆಯವರಿಗೆ ಅಕ್ಕಿ ಸಿಕ್ಕಿದ್ದು ನಿಜ. ಆದರೆ ಶಾಲೆಯೊಳಗೆ ಒಂದು ಮಗುವಿಗೆ ಗಾಯವಾಯಿತು.

ಈ ಪ್ರಶ್ನೆಯನ್ನು ವಿಚಾರಿಸುವದಕ್ಕೋಸ್ಕರ, ಕೆನಡಾ ದೇಶದ ಶಾಲೆಗಳಲ್ಲಿ ವರುಷವರುಷವೂ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಒಂದು ಓಟದ ವೃತ್ತಾಂತವನ್ನು ನಾವು ಈ ತಿಂಗಳ ಪಾಠಕ್ಕಾಗಿ ಆರಿಸಿಕೊಂಡಿದ್ದೇವೆ. ಅದಕ್ಕೆ ಟೆರ್ರಿ ಫಾಕ್ಸ್ ಓಟವೆಂದು ಹೆಸರು. ಓಟವೆಂದು ಹೇಳಿದರೂ ಅದರಲ್ಲಿ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಹೀಗೇಕೆಂದು ತಿಳಿಯಬೇಕಾದರೆ ಯಾವನ ಹೆಸರಿನಲ್ಲಿ ಅದು ನಡೆಯುತ್ತದೋ ಅವನ ಚರಿತ್ರೆಯನ್ನು ಮೊದಲು ಕೇಳಬೇಕು.

ಟೆರ್ರಿ ಫಾಕ್ಸ್ 1958 ನೆಯ ಇಸವಿ ಜುಲೈ 28 ರಲ್ಲಿ ವಿನಿಪೆಗ್ ಪಟ್ಟಣದಲ್ಲಿ ಹುಟ್ಟಿ, ಕೆನಡಾದ ಪಶ್ಚಿಮ ತೀರಕ್ಕೆ ಸಮೀಪವಾದ ಪೋರ್ಟ್ ಕೊಕ್ವಿಟ್ಲಮ್ ಎಂಬ ಊರಿನಲ್ಲಿ ಬೆಳೆದನು. ಶಾಲೆಯಲ್ಲಿ ಅವನಿಗೆ ಬಾಸ್ಕೆಟ್‌ಬಾಲ್ ಆಟದ ಮೇಲೆ ಬಹಳ ಆಶೆ. ಆದರೆ ಎಂಟನೆಯ ತರಗತಿಯಲ್ಲಿ ಅವನ ಎತ್ತರ ಐದೇ ಅಡಿ. ಆಟ ಕಲಿಸುವ ಉಪಾಧ್ಯಾಯರು ಅವನನ್ನು ನೋಡಿ, ನೀನು ದೂರದ ಓಟವನ್ನು ಅಭ್ಯಾಸಮಾಡಿದರೆ ಒಳ್ಳೇದೆಂದು ಬುದ್ಧಿ ಹೇಳಿದರು. ಹುಡುಗನಿಗೆ ಓಟದಲ್ಲಿ ಸ್ವಲ್ಪವೂ ಮನಸ್ಸಿರಲಿಲ್ಲ. ಉಪಾಧ್ಯಾಯರ ಮೇಲಿನ ಗೌರವಕ್ಕಾಗಿ ಮಾತ್ರ ಓಡಿದನು. ಆ ವರುಷವೆಲ್ಲಾ ಆಟದ ಪಂದ್ಯಗಳಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ನಿಮಿಷ. ಆದರೂ ಬೆಳಿಗ್ಗೆ ಬೇಗ ಬಂದು ಅಭ್ಯಾಸಮಾಡುತ್ತಾ ಹತ್ತನೆಯ ತರಗತಿಯಲ್ಲಿ ಮುಖ್ಯ ಆಟಗಾರರಲ್ಲಿ ಸೇರಿದನು. ಶಾಲೆ ಬಿಡುವ ವರುಷದಲ್ಲಿ ಅವನಿಗೂ ಅವನ ಗೆಳೆಯನಾದ ಡಗ್ ಆಲ್ವರ್ಡ್ ಎಂಬವನಿಗೂ ಉತ್ತಮ ಆಟಗಾರರೆಂಬ ಮಾನವು ಜೊತೆಯಾಗಿ ಬಂತು. ಮೇಷ್ಟ್ರೊಬ್ಬರು ಒತ್ತಾಯಕ್ಕೆ ಕಲಿಸಿದ ಆ ಓಟವೇ ಮುಂದೆ ಯಾವದಕ್ಕೆ ಉಪಯೋಗವಾಗುವದೆಂದು ಆಗ ಯಾರಿಗೆ ತಿಳಿದಿತ್ತು?

ಕಾಲೇಜು ಸೇರಿದ ಮೇಲೆ ಅವನ ಬಲ ಮೊಣಕಾಲಿನಲ್ಲಿ ನೋವು ಹುಟ್ಟಿತು. ಆಟದಲ್ಲಿ ಆದ ಪೆಟ್ಟೆಂದು ಎಣಿಸಿ ಕೆಲವು ಕಾಲ ಸುಮ್ಮನಿದ್ದನು. 1977 ನೆಯ ಮಾರ್ಚ್ ತಿಂಗಳಲ್ಲಿ ವೈದ್ಯರು ಪರೀಕ್ಷಿಸಿ ಇದು ಎಲುಬಿನ ಕ್ಯಾನ್ಸರ್ ಎಂದು ಹೇಳಿದರು. ಮೊಣಕಾಲಿಗಿಂತ ಆರು ಅಂಗುಲ ಮೇಲಕ್ಕೆ ಕಾಲನ್ನು ಕತ್ತರಿಸಬೇಕಾಯಿತು. ಆಗ ಅವನಿಗೆ ಹದಿನೆಂಟು ವರುಷ. ಶಸ್ತ್ರಕ್ರಿಯೆಯ ಮುಂಚಿನ ರಾತ್ರಿ ಶಾಲೆಯ ಆಟದ ಉಪಾಧ್ಯಾಯರೊಬ್ಬರು ಆಸ್ಪತ್ರೆಗೆ ಬಂದು, ಒಂದೇ ಕಾಲಿದ್ದ ಡಿಕ್ ಟ್ರಾಮ್ ಎಂಬವರು ನ್ಯೂಯಾರ್ಕ್ ಪಟ್ಟಣದ ದೀರ್ಘ ಓಟವನ್ನು ಓಡಿ ಮುಗಿಸಿದ ವರ್ತಮಾನವಿದ್ದ ಪತ್ರಿಕೆಯನ್ನು ಅವನ ಕೈಯಲ್ಲಿಟ್ಟರು. ರೋಗಿಯನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಕಿತ್ತಳೆ ಹಣ್ಣು ತಕ್ಕೊಂಡು ಹೋಗಿ ನಿಟ್ಟುಸಿರು ಬಿಟ್ಟು ಬರುತ್ತಾರೆ. ಈ ಉಪಾಧ್ಯಾಯರು ತಂದದ್ದು ಬೇರೆ ತರದ ವಸ್ತು.

ಆ ಮೇಲೆ 16 ತಿಂಗಳ ವರೆಗೆ ಅವನಿಗೆ ತೀಕ್ಷ್ಣವಾದ ಔಷಧಗಳು ನಡೆದವು. ಆ ಕಾಲದಲ್ಲಿ ತನ್ನ ಸುತ್ತಲೂ ಮಲಗಿದ್ದ ಎಳೆಯ ರೋಗಿಗಳು ನರಳುವದನ್ನೂ ಅವರಲ್ಲಿ ಕೆಲವರು ಸಾಯುವದನ್ನೂ ಅವನು ಕಂಡನು. ಇನ್ನೊಂದು ಸಂಗತಿಯನ್ನೂ ತಿಳಿದನು. ತನಗೆ ಬಂದ ಈ ಬಗೆಯ ಕ್ಯಾನ್ಸರಿನಲ್ಲಿ ಎರಡು ವರುಷಗಳ ಹಿಂದೆ ನೂರರಲ್ಲಿ 15 ಮಂದಿ ಮಾತ್ರ ಬದುಕುತ್ತಿದ್ದರು. ಈಗ ಹೊಸ ಔಷಧದಿಂದ 50 ಮಂದಿ ಬದುಕುವ ಸಂಭವವಿದೆ ಎಂದು ಅವನಿಗೆ ತಿಳಿಸಲಾಯಿತು. ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಆ ಔಷಧವನ್ನು ಯಾರೋ ಹುಡುಕಿ ಕಂಡುಹಿಡಿದದ್ದರಿಂದಲೇ ತಾನು ಉಸಿರಾಡುತ್ತಿದ್ದೇನೆಂದು ಅವನು ಗ್ರಹಿಸಿದನು. ಆದಕಾರಣ ತಾನು ಕೂಡಿಸುವ ಹಣವು ಕ್ಯಾನ್ಸರಿನ ಸಂಶೋಧನೆಗೇ ಸಲ್ಲತಕ್ಕದ್ದೆಂದು ನಿಶ್ಚಯಿಸಿದನು. ಯಾತಕ್ಕಾಗಿ ಕೇಳುತ್ತೇನೆಂದು ಅವನಿಗೆ ಒಂದೇ ವಾಕ್ಯದಲ್ಲಿ ಹೇಳಲಿಕ್ಕಾಗುತ್ತಿತ್ತು. ನಮ್ಮ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳುಹಿಸುವಾಗ, ಇದು ಯಾತಕ್ಕೆಂದು ಮನೆಯವರು ಕೇಳಿದರೆ ಅವರಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲರು?

ಹದಿನಾಲ್ಕು ತಿಂಗಳು ಅಭ್ಯಾಸಮಾಡಿದ ಮೇಲೆ 1980 ನೆಯ ಏಪ್ರಿಲ್ 12 ರಲ್ಲಿ ಅವನು ದೇಶದ ಪೂರ್ವದ ಅಂಚಾದ ಸೇಂಟ್ ಜಾನ್ಸ್ ಎಂಬಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದ ನೀರಿನಲ್ಲಿ ಅದ್ದಿ, ಪಶ್ಚಿಮ ಸಮುದ್ರದ ವರೆಗೆ ಓಡುವೆನೆಂದು ಹೊರಟನು. ದಿನಕ್ಕೆ ಸುಮಾರು 42 ಕಿಲೋಮೀಟರು ಓಡುವದು ಅವನ ನೇಮ. ಅದು ಮಂಡ್ಯಕ್ಕೂ ಮೈಸೂರಿಗೂ ಇರುವ ದೂರಕ್ಕೆ ಹೆಚ್ಚುಕಡಿಮೆ ಸಮವು. ಒಳ್ಳೇ ಕಾಲಿನಿಂದ ಎರಡು ಸಾರಿ ಕುಪ್ಪಳಿಸಿ, ಆ ಮೇಲೆ ಕೃತಕ ಕಾಲನ್ನು ಮುಂದೆ ಎಸೆದು ಓಡುವ ಅವನ ರೀತಿ ನೋಡುವವರಿಗೆ ಕಷ್ಟವಾಗಿತ್ತು. ಮೊಂಡುಕಾಲು ಉಜ್ಜಿ ಹುಣ್ಣಾಗಿ ರಕ್ತ ಬರುತ್ತಿತ್ತು. ಗೆಳೆಯ ಡಗ್ ಒಂದು ವ್ಯಾನಿನಲ್ಲಿ ಜೊತೆಗೆ ಬಂದು ಅಡಿಗೆ ಮಾಡಿ ಹಾಕುತ್ತಿದ್ದನು.

ಅವನು ದೋಷವಿಲ್ಲದವನೆಂದು ನಾವು ಹೇಳುವದಿಲ್ಲ. ಅವನಿಗೆ ಸಿಟ್ಟು ಬಹಳ. ಕೆಲವು ವಾರಗಳೊಳಗೆ ಇಬ್ಬರು ಗೆಳೆಯರೂ ಮಾತು ಬಿಡುವಷ್ಟು ಜಗಳವಾಡಿದರು. ತಂದೆತಾಯಿಗಳು ಬಂದು ಸಮಾಧಾನ ಮಾಡಬೇಕಾಯಿತು. ಆ ಮೇಲೆ 17 ವರುಷದ ತಮ್ಮ ಡ್ಯಾರೆಲ್ ಜೊತೆಗೆ ಸೇರಿ ಇಬ್ಬರ ನಡುವೆ ನಗು ತಂದನು. ಇದಲ್ಲದೆ ವೈದ್ಯರ ಬಳಿಗೆ ಕಾಲಕಾಲಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಮಾತನ್ನು ಅವನು ಕೇಳಲಿಲ್ಲ. ಈ ಕಥೆಯನ್ನು ಮಕ್ಕಳಿಗೆ ಹೇಳುವ ಉಪಾಧ್ಯಾಯರು ಈ ಭಾಗವನ್ನು ಮುಚ್ಚಿಡಬಾರದು. ಧೈರ್ಯವನ್ನು ಮೆಚ್ಚುವದು ಬೇರೆ, ವೈದ್ಯರನ್ನು ತಪ್ಪಿಸಿಕೊಂಡು ತಿರುಗುವದು ಬೇರೆ.

ಆರಂಭದಲ್ಲಿ ಅವನನ್ನು ಗಮನಿಸಿದವರು ಕಡಿಮೆ. ಮಳೆ, ಹಿಮ, ಎದುರು ಗಾಳಿ. ಕೆಲವು ಊರುಗಳಲ್ಲಿ ಬಂದದ್ದು ಅತ್ಯಲ್ಪ ಹಣ. ಆದರೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಡೇ ಊರಾದ ಪೋರ್ಟ್ ಓ ಬಾಸ್ಕ್ ಎಂಬಲ್ಲಿಗೆ ಬಂದಾಗ ಒಂದು ಆಶ್ಚರ್ಯವಾಯಿತು. ಆ ಊರಿನ ಜನಸಂಖ್ಯೆ ಸುಮಾರು ಹತ್ತು ಸಾವಿರ. ಅವರು ಅವನಿಗೋಸ್ಕರ ಕೂಡಿಸಿಟ್ಟಿದ್ದ ಹಣವೂ ಹತ್ತು ಸಾವಿರ ಡಾಲರು. ಅಂದರೆ ತಲೆಗೆ ಒಂದು ಡಾಲರು! ಮೊದಲಿಗೆ ಅವನು ಬಯಸಿದ್ದು ಹತ್ತು ಲಕ್ಷ ಡಾಲರು. ಆ ಮೇಲೆ ಒಂದು ಕೋಟಿ. ಕಡೆಗೆ ಅವನ ಬೇಡಿಕೆ ದೇಶದ 2 ಕೋಟಿ 40 ಲಕ್ಷ ಜನರಲ್ಲಿ ಪ್ರತಿಯೊಬ್ಬರಿಂದ ಒಂದೊಂದು ಡಾಲರು ಎಂದಾಯಿತು.

ಈ ಲೆಕ್ಕದ ಸೊಗಸನ್ನು ನೋಡಿರಿ. ಇಷ್ಟು ಕೋಟಿ ಬೇಕೆಂದು ಕೇಳಿದರೆ ಹತ್ತು ಮಂದಿ ಶ್ರೀಮಂತರು ಕೊಟ್ಟು ಮುಗಿಸಬಹುದು, ಉಳಿದವರು ನಿಂತು ನೋಡಬಹುದು. ಆದರೆ ತಲೆಗೊಂದು ಎಂದು ಕೇಳಿದರೆ ನನ್ನ ಡಾಲರು ನನ್ನದೇ. ಅದನ್ನು ಕೊಡುವ ಮಾನ ಮತ್ತೊಬ್ಬನಿಗೆ ಸೇರದು. ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸು ಹಾಕಿದ ವಿಧವೆಯ ಸಂಗತಿಯನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಆದರೂ ನಮ್ಮ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗಿದವರನ್ನು ಎಲ್ಲರೂ ತಿರುಗಿ ನೋಡುತ್ತೇವೆ. ಆ ಕುಂಬಳಕಾಯಿಯನ್ನು ತಲೆಯ ಮೇಲೆ ಹೊತ್ತು ತಂದ ಅಜ್ಜಿಯನ್ನು ಯಾರೂ ನೋಡುವದಿಲ್ಲ.

ದೊಡ್ಡವರ ಹಣವನ್ನು ಅವನು ಬೇಡವೆಂದನೇ? ಇಲ್ಲ. ತನ್ನ ಮಗನನ್ನು ಕ್ಯಾನ್ಸರಿನಿಂದ ಕಳಕೊಂಡಿದ್ದ ಇಸಡೋರ್ ಶಾರ್ಪ್ ಎಂಬ ಹೊಟೇಲುಗಳ ಧಣಿಗಳು ಮೈಲಿಗೆ ಎರಡು ಡಾಲರಂತೆ ಕೊಡುವೆನೆಂದು ಹೇಳಿ ಬೇರೆ ವ್ಯಾಪಾರಸ್ಥರನ್ನೂ ಕೂಡಿಸಿದರು. ಇಂಥ ಸಹಾಯವನ್ನು ಅವನು ಸಂತೋಷದಿಂದ ಅಂಗೀಕರಿಸಿದನು. ಆದರೆ ತನ್ನ ಓಟವನ್ನು ತೋರಿಸಿ ಸರಕು ಮಾರುವದಕ್ಕೆ ಯಾರಿಗೂ ಒಪ್ಪಿಗೆ ಕೊಡಲಿಲ್ಲ. ಈ ಓಟದಿಂದ ಯಾರೂ, ತಾನು ಸಹ, ಲಾಭ ಮಾಡಬಾರದೆಂದು ಹಟ ಹಿಡಿದನು.

ಬೇಸಿಗೆ ಬರುವಷ್ಟರಲ್ಲಿ ದೇಶವೆಲ್ಲಾ ಅವನನ್ನು ಅರಿತಿತು. ಟೊರಾಂಟೊ ಪಟ್ಟಣದಲ್ಲಿ ಹತ್ತು ಸಾವಿರ ಜನರು ಕೂಡಿಬಂದರು. ಆದರೆ ಅವನಿಗೆ ಹೆಚ್ಚು ಧೈರ್ಯ ಕೊಟ್ಟದ್ದು ಆ ಗುಂಪಲ್ಲ. ಅದೇ ರೋಗದಿಂದ ಒಂದು ಕಾಲು ಕಳಕೊಂಡಿದ್ದ ಹತ್ತು ವರುಷದ ಹುಡುಗನೊಬ್ಬನು ಸೈಕಲ್ ಹತ್ತಿ ಸುಮಾರು ಆರು ಮೈಲು ಅವನ ಹಿಂದೆ ಬಂದನು. ತನ್ನ ಪ್ರಯಾಣದಲ್ಲೆಲ್ಲಾ ಆ ದಿವಸವೇ ಶ್ರೇಷ್ಠವೆಂದು ಅವನು ಎಣಿಸಿದನು.

1980 ನೆಯ ಸೆಪ್ಟೆಂಬರ್ 1 ರಲ್ಲಿ ಥಂಡರ್ ಬೇ ಎಂಬ ಊರಿನ ಸಮೀಪದಲ್ಲಿ ಎದೆನೋವೂ ಕೆಮ್ಮೂ ಹೆಚ್ಚಾಗಿ ಅವನು ನಿಂತನು. ರೋಗವು ಶ್ವಾಸಕೋಶಗಳಿಗೆ ಹಬ್ಬಿತ್ತು. 143 ದಿವಸಗಳಲ್ಲಿ 5,373 ಕಿಲೋಮೀಟರು ಓಡಿದ್ದನು. ಪಶ್ಚಿಮ ಸಮುದ್ರ ಇನ್ನೂ ದೂರವಿತ್ತು. ಜನರು ಸುಮ್ಮನಿರಲಿಲ್ಲ. ಒಂದೇ ವಾರದೊಳಗೆ ಟೆಲಿವಿಷನ್ ಮೂಲಕ ಒಂದು ಕೋಟಿ ಡಾಲರಿಗಿಂತ ಹೆಚ್ಚು ಕೂಡಿತು. 1981 ನೆಯ ಫೆಬ್ರುವರಿ 1 ರ ಹೊತ್ತಿಗೆ ಒಟ್ಟು ಮೊತ್ತವು 2 ಕೋಟಿ 41 ಲಕ್ಷ 70 ಸಾವಿರ ಡಾಲರಿಗೆ ಮುಟ್ಟಿತು. ತಲೆಗೊಂದು ಡಾಲರೆಂಬ ಲೆಕ್ಕ ತುಂಬಿದ್ದನ್ನು ಅವನು ಜೀವದಿಂದಿರುವಾಗಲೇ ಕೇಳಿದನು. ಆ ವರುಷ ಜೂನ್ 28 ರಲ್ಲಿ ತೀರಿಕೊಂಡನು. ಇಪ್ಪತ್ತಮೂರು ತುಂಬುವದಕ್ಕೆ ಒಂದು ತಿಂಗಳು ಬಾಕಿ ಇತ್ತು.

ಅದೇ 1981 ನೆಯ ಸೆಪ್ಟೆಂಬರ್ 13 ರಲ್ಲಿ ಅವನ ಹೆಸರಿನ ಮೊದಲನೆಯ ಓಟ ನಡೆದು ಮೂರು ಲಕ್ಷ ಜನರು ಅದರಲ್ಲಿ ಸೇರಿದರು. 35 ಲಕ್ಷ ಡಾಲರು ಬಂತು. ಅಂದಿನಿಂದ ಈ ವರೆಗೆ ಅವನ ಹೆಸರಿನಲ್ಲಿ ಕ್ಯಾನ್ಸರಿನ ಸಂಶೋಧನೆಗಾಗಿ ಕೂಡಿದ್ದು 80 ಕೋಟಿ ಡಾಲರಿಗೂ ಮೀರಿದೆ. ಅವನ ಕಾಲನ್ನು ಕತ್ತರಿಸಿದ ಆ ರೋಗಕ್ಕೆ ಈಗ ಅನೇಕ ರೋಗಿಗಳಲ್ಲಿ ಕೆಟ್ಟ ಎಲುಬನ್ನು ಮಾತ್ರ ತೆಗೆದು ಕಾಲನ್ನು ಉಳಿಸುತ್ತಾರೆ. ಅವನು ಓದಿದ ಶಾಲೆಗೆ 1986 ರಿಂದ ಅವನದೇ ಹೆಸರಿದೆ.

ಕೆನಡಾದ ಶಾಲೆಗಳಲ್ಲಿ ಈ ಓಟವು ನಡೆಯುವ ಕ್ರಮವೇ ನಮ್ಮ ಪಾಠದ ತಿರುಳು. ಓಡಲಾರದ ಮಗು ನಡೆಯಬಹುದು; ನಡೆಯಲಾರದ ಮಗು ಗಾಲಿಕುರ್ಚಿಯಲ್ಲಿ ಬರಬಹುದು. ಕಾಲವನ್ನು ಅಳೆಯುವದಿಲ್ಲ, ಬಹುಮಾನವಿಲ್ಲ, ಮೊದಲನೆಯವನು ಎಂಬ ಮಾತೇ ಇಲ್ಲ. ಅಲ್ಲಿ ಎರಡು ಡಾಲರಿನ ಒಂದು ನಾಣ್ಯವುಂಟು. ಮಕ್ಕಳು ಆ ಒಂದು ನಾಣ್ಯವನ್ನು ತರಬೇಕೆಂದು ಅನೇಕ ಶಾಲೆಗಳಲ್ಲಿ ಕೇಳುತ್ತಾರೆ. ತರದಿದ್ದ ಮಗುವನ್ನು ಓಟದಿಂದ ಹೊರಗಿಡುವದಿಲ್ಲ. ಕೆಲವು ಶಾಲೆಗಳಲ್ಲಿ ಪ್ರತಿ ಮಗುವಿಗೂ ಒಂದು ಚೀಟಿ ಕೊಡುತ್ತಾರೆ. ನಾನು ಇಂಥವರಿಗಾಗಿ ಓಡುತ್ತೇನೆಂದು ಅದರ ಮೇಲೆ ಬರೆದು ಅಂಗಿಗೆ ಅಂಟಿಸಿಕೊಳ್ಳುತ್ತಾರೆ. ಒಬ್ಬನು ಅಜ್ಜನ ಹೆಸರನ್ನು ಬರೆಯುವನು, ಇನ್ನೊಬ್ಬಳು ತಾಯಿಯ ಹೆಸರನ್ನು. ಯಾರ ಬೆನ್ನಿನ ಮೇಲೆ ಏನಿದೆಯೆಂದು ಓದುತ್ತಾ ಓಡುವ ಮಕ್ಕಳಿಗೆ ಕ್ಯಾನ್ಸರ್ ಎಂಬದು ಪುಸ್ತಕದ ಮಾತಾಗಿ ಉಳಿಯುವದಿಲ್ಲ.

ಇದೆಲ್ಲಾ ಹಣವುಳ್ಳ ದೇಶದ ಮಾತು, ನಮ್ಮ ಹಳ್ಳಿಯ ಶಾಲೆಗೆ ಹೇಗೆ ಹೊಂದೀತು ಎಂದು ಯಾರಾದರೂ ಹೇಳಬಹುದು. ನಾವು ಹಾಗೆಣಿಸುವದಿಲ್ಲ. ಮಿಜೋ ಬೆಟ್ಟಗಳ ಸಭೆಗಳಲ್ಲಿ 1910 ರಿಂದ ಹೆಂಗಸರು ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಒಂದು ಮುಷ್ಟಿಯನ್ನು ಬೇರೆ ಇಟ್ಟು ದೊಡ್ಡ ದೊಡ್ಡ ಕಾರ್ಯಗಳನ್ನು ನಡಿಸಿದ್ದಾರೆ. ಮುಷ್ಟಿ ಎಲ್ಲರಿಗೂ ಉಂಟು, ಅದು ಬಡವಳಿಗೂ ಶ್ರೀಮಂತಳಿಗೂ ಒಂದೇ ಅಳತೆ. ನಮ್ಮ ಶಾಲೆಗಳಲ್ಲಿಯೂ ಹುಣಿಸೇಬೀಜ, ಹೊಂಗೆಕಾಯಿ, ಹಳೇ ಕಾಗದ, ಒಂದು ಕೋಳಿಮೊಟ್ಟೆ ಮೊದಲಾದ, ಮಗುವು ತಾನೇ ಆರಿಸಿ ತರಬಹುದಾದ ವಸ್ತುವನ್ನು ಗೊತ್ತುಮಾಡಿದರೆ ಸಾಕು. ತಂದೆಯ ಜೇಬಿನಿಂದ ತೆಗೆದ ನೂರು ರೂಪಾಯಿ ತಂದೆಯ ಧರ್ಮವೇ ಹೊರತು ಮಗುವಿನದಲ್ಲ.

ಇನ್ನು ಇದನ್ನು ನಡಿಸಬೇಕೆಂದಿರುವ ಉಪಾಧ್ಯಾಯರಿಗೆ ಎರಡು ಮಾತು. ಹಣ ಹಾಕುವ ಡಬ್ಬಿ ಮುಚ್ಚಿದ್ದಾಗಿರಲಿ, ಅದನ್ನು ಸಾಲಾಗಿ ಎಲ್ಲರ ಮುಂದೆಯೂ ಒಯ್ಯಲಿ. ಯಾವ ಕೈಯಲ್ಲಿ ಏನಿತ್ತೆಂದು ಪಕ್ಕದವನಿಗೆ ಕಾಣದಿರಲಿ. ತೆರೆಯುವಾಗ ದೊಡ್ಡ ತರಗತಿಯ ಇಬ್ಬರು ಮಕ್ಕಳೂ ಊರಿನ ಒಬ್ಬ ಹಿರಿಯರೂ ಜೊತೆಗೆ ಕೂತು ಎಣಿಸಲಿ. ಬೀಜವೂ ಮೊಟ್ಟೆಯೂ ಮಾರಿದ ಹಣ ಎಷ್ಟು, ಡಬ್ಬಿಯಲ್ಲಿ ಸಿಕ್ಕಿದ್ದು ಎಷ್ಟು, ಯಾರಿಗೆ ಕಳುಹಿಸಲಾಯಿತು ಎಂಬದನ್ನು ಕಪ್ಪು ಹಲಗೆಯ ಮೇಲೆ ಬರೆದು ಒಂದು ವಾರ ಅಳಿಸದೆ ಬಿಡಲಿ. ಕೊಟ್ಟವರ ಹೆಸರುಗಳನ್ನು ಮಾತ್ರ ಬರೆಯಬಾರದು. ಹಣ ಮುಟ್ಟಿದ ರಸೀತಿ ಆಸ್ಪತ್ರೆಯಿಂದಲೋ ಅನಾಥಶಾಲೆಯಿಂದಲೋ ಅಂಚೆಯಲ್ಲಿ ಬಂದ ದಿವಸ ಬೆಳಿಗ್ಗೆ ಹಾಜರಿ ಕೂಗಿದ ಮೇಲೆ ಅದನ್ನು ಗಟ್ಟಿಯಾಗಿ ಓದಿ, ಒಂದನೆಯ ತರಗತಿಯ ಮಕ್ಕಳಿಗೂ ಎಟುಕುವಷ್ಟು ಕೆಳಗೆ ಗೋಡೆಗೆ ಅಂಟಿಸಬೇಕು.