ಮನೆಯೊಳಗಿನ ಕಾಣದ ಅನಿಲ

ವಿದ್ಯಾರ್ಥಿಗಳೇ, ತಾಂಡೂರಿನ ಸಮೀಪ ರಸ್ತೆಯ ಬದಿಗೆ ಒಟ್ಟಿದ ಪರಸಿ ಕಲ್ಲುಗಳನ್ನು ನೀವೆಲ್ಲ ಕಂಡಿದ್ದೀರಿ. ನಮ್ಮಲ್ಲಿ ಅನೇಕರ ಮನೆಯ ನೆಲಕ್ಕೆ ಹಾಸಿರುವುದೂ ಇದೇ ಕಲ್ಲು. ಶಹಾಬಾದಿನ ಕಲ್ಲೂ ಇದರ ಕುಲದ್ದೇ. ಈ ಸುಣ್ಣಕಲ್ಲಿನ ಪದರು ಪಶ್ಚಿಮಕ್ಕೆ ಚಾಚಿ ಯಾದಗಿರಿ ಜಿಲ್ಲೆಯವರೆಗೆ ಹೋಗುತ್ತದೆ. ಅಲ್ಲಿ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸುಣ್ಣಕಲ್ಲು ಮತ್ತು ಗ್ರಾನೈಟ್ ಕೂಡುವೆಡೆಯ ಬಿರುಕಿನಲ್ಲಿ, ಯುರೇನಿಯಂ ಇರುವುದನ್ನು ಭೂವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಇದನ್ನು ಓದಿ ಮನೆಯ ಪರಸಿಯನ್ನು ಕೀಳಿಸಲು ಯಾರೂ ಹೊರಡಬಾರದು! ಯುರೇನಿಯಂ ಎಲ್ಲ ಮಣ್ಣಿನಲ್ಲಿಯೂ ಅಷ್ಟಿಷ್ಟು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಗ್ರಾನೈಟಿನಲ್ಲಿ ಹೆಚ್ಚು, ಸುಣ್ಣಕಲ್ಲಿನಲ್ಲಿಯೂ ಕರಿಕಲ್ಲಿನಲ್ಲಿಯೂ ಕಡಿಮೆ.

ಈ ಯುರೇನಿಯಂ ನಿಧಾನವಾಗಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂ ಕ್ಷಯಿಸಿ ರೇಡಾನ್ ಎಂಬ ಅನಿಲವಾಗುತ್ತದೆ. ರೇಡಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಯಲಿನಲ್ಲಿ ಅದು ಗಾಳಿಯೊಡನೆ ಬೆರೆತು ಚದುರಿಹೋಗುತ್ತದೆ. ಆದರೆ ನೆಲದ ಬಿರುಕು, ಗೋಡೆಯ ಬುಡದ ಸಂದುಗಳಿಂದ ಮನೆಯೊಳಗೆ ಬಂದು, ಕಿಟಕಿಗಳು ಮುಚ್ಚಿದ್ದರೆ ಅಲ್ಲಿಯೇ ತುಂಬಿಕೊಳ್ಳುತ್ತದೆ. ಅದರ ಅರ್ಧಾಯು 3.8 ದಿನ. ಅರ್ಧಾಯು ಎಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ. ವಿಜ್ಞಾನದ ಪದವಾದರೂ ಎಷ್ಟು ಸಹಜವಾದ ಕನ್ನಡ ನೋಡಿ!

ನಾವು ಉಸಿರಾಡಿದ ರೇಡಾನ್ ಬಹುಮಟ್ಟಿಗೆ ಹಾಗೆಯೇ ಹೊರಗೆ ಹೋಗುತ್ತದೆ. ಕೇಡು ಮಾಡುವುದು ಅದರ ಮಕ್ಕಳು. ಅದು ಕ್ಷಯಿಸಿ ಹುಟ್ಟುವ ಪೊಲೋನಿಯಂ ಮೊದಲಾದ ಕಣಗಳು ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಉಳಿದು, ಆಲ್ಫಾ ಕಣಗಳನ್ನು ಸೂಸಿ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಜರ್ಮನಿಯ ಷ್ನೀಬರ್ಗ್ ಗಣಿ ಕೆಲಸಗಾರರನ್ನು ಬಹುಕಾಲ ಕಾಡಿದ ರೋಗವು ಶ್ವಾಸಕೋಶದ ಅರ್ಬುದವೆಂದು 1879ರಲ್ಲಿ ವೈದ್ಯರು ಗುರುತಿಸಿದರು. ಅದಕ್ಕೆ ರೇಡಾನ್ ಕಾರಣವೆಂದು ತಿಳಿದದ್ದು ಬಹಳ ತಡವಾಗಿ. ಮನೆಗಳ ವಿಷಯಕ್ಕೆ ಜಗತ್ತು ಎಚ್ಚತ್ತದ್ದು 1984ರಲ್ಲಿ. ಅಮೆರಿಕದ ಸ್ಟಾನ್ಲಿ ವಾಟ್ರಾಸ್ ಎಂಬ ಎಂಜಿನಿಯರು ಪರಮಾಣು ಸ್ಥಾವರಕ್ಕೆ ಕೆಲಸಕ್ಕೆ ಬಂದಾಗ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸತೊಡಗಿತು. ಆ ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ! ಅವರು ವಿಕಿರಣವನ್ನು ತಂದದ್ದು ತಮ್ಮ ಮನೆಯಿಂದ. ಅಲ್ಲಿ ಒಂದು ಘನ ಮೀಟರು ಗಾಳಿಗೆ ಸುಮಾರು 1 ಲಕ್ಷ ಬೆಕೆರೆಲ್ ರೇಡಾನ್ ಇತ್ತು. ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣುವಿನ ಕ್ಷಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 100, ಅದು ಸಾಧ್ಯವಾಗದ ಕಡೆ ಹೆಚ್ಚೆಂದರೆ 300.

ಅಳೆಯುವುದು ಹೇಗೆ? ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ರೂಪಿಸಿದ ಒಂದು ಚಿಕ್ಕ ಡಬ್ಬಿಯಿದೆ. ಅದರೊಳಗೆ ಎರಡು ಕೋಣೆ, ನಡುವೆ ಸೂಜಿಯ ಮೊನೆಯಷ್ಟು ತೂತುಗಳು. ರೇಡಾನಿನ ಬಂಧು ಥೋರಾನ್ ಎಂಬ ಅನಿಲದ ಅರ್ಧಾಯು ಒಂದು ನಿಮಿಷವೂ ಇಲ್ಲ. ಅದು ತೂತು ದಾಟುವಷ್ಟರಲ್ಲಿ ಕ್ಷಯಿಸಿಬಿಡುತ್ತದೆ, ರೇಡಾನ್ ಮಾತ್ರ ಒಳಗಿನ ಕೋಣೆಯನ್ನು ಸೇರುತ್ತದೆ. ಎಂಥ ಸರಳ ಉಪಾಯ! ಕೋಣೆಯಲ್ಲಿಟ್ಟ ಫಿಲಂ ಮೇಲೆ ಆಲ್ಫಾ ಕಣಗಳು ಗೀರು ಮಾಡುತ್ತವೆ. ಡಬ್ಬಿಯನ್ನು ಸುಮಾರು ಮೂರು ತಿಂಗಳು ಮನೆಯಲ್ಲಿ ತೂಗುಹಾಕಿ, ಆಮೇಲೆ ಫಿಲಮನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ಗೀರುಗಳನ್ನು ಎಣಿಸುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞರು ಆ ಭಾಗದ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಗಾಳಿಯಾಡದ ಮನೆಗಳಲ್ಲಿಯೂ ಚಳಿಗಾಲದಲ್ಲಿಯೂ ಅದು ಹೆಚ್ಚು. ಒಂದು ಮನೆಯ ಲೆಕ್ಕ ಪಕ್ಕದ ಮನೆಗೆ ಹೊಂದುವುದಿಲ್ಲ, ಒಂದು ದಿನದ ಲೆಕ್ಕ ವರ್ಷಕ್ಕೆ ಹೊಂದುವುದಿಲ್ಲ.

ಪಾಲಕರಿಗೆ ಒಂದು ಮಾತು. ರೇಡಾನ್ ಮೈಯಲ್ಲಿ ಸೇರಿದೆಯೆಂದು ಕೆಮ್ಮಾಗಲಿ ಜ್ವರವಾಗಲಿ ಮುನ್ಸೂಚನೆ ಕೊಡುವುದಿಲ್ಲ. ರೋಗ ಬರುವುದು ಅನೇಕ ವರ್ಷಗಳ ಮೇಲೆ. ಬೀಡಿ ಸಿಗರೇಟು ಸೇದುವವರಿಗೆ ರೇಡಾನಿನ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಡಬ್ಬಿ ತೂಗುಹಾಕುವ ಮೊದಲು ಬೀಡಿ ಬಿಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಈಗ ಕೂಲರು, ಏಸಿಗಳಿಗಾಗಿ ಕಿಟಕಿ ಕಡಿಮೆಮಾಡಿ ಮನೆ ಕಟ್ಟುವುದು ಹೆಚ್ಚಾಗಿದೆ. ಮಕ್ಕಳು ಮಲಗುವ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿ ಇಡಿಸಿರಿ, ಚಳಿಗಾಲದಲ್ಲಿಯೂ ಬೆಳಗ್ಗೆ ತೆರೆಯಿರಿ. ನೆಲದ ಸಂದುಗಳಿಗೆ ಸಿಮೆಂಟು ತುಂಬಿಸಿರಿ. ಅಳತೆ ಬಹಳ ಹೆಚ್ಚು ಬಂದ ಮನೆಗಳಲ್ಲಿ ನೆಲದಡಿಯಿಂದ ಕೊಳವೆ ಹಾಕಿ, ಫ್ಯಾನಿನಿಂದ ಅನಿಲವನ್ನು ಎಳೆದು ಮಾಳಿಗೆಯ ಮೇಲೆ ಬಿಡುವ ಪದ್ಧತಿಯೂ ಇದೆ.