ರೇಡಿಯೊ ಇಲ್ಲದೆಯೂ ನೆಟ್ಟಗೆ ಹಾರಲಿ: ಹಳೇ ಮಾದರಿಯ ಗ್ಲೈಡರ್ ಕಟ್ಟುವ ಬಗೆ

2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ಬಳಿಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್ ಒಂದು ಇಸ್ರೊದ ರೆಕ್ಕೆಯುಳ್ಳ ವಾಹನವನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಎಂಜಿನ್ನಿನ ನೆರವಿಲ್ಲದೆ ಅದು ತೇಲುತ್ತ ಬಂದು ರನ್‌ವೇ ಮೇಲೆ ತಾನಾಗಿಯೇ ಇಳಿಯಿತು. ಅದೇ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲೂಕಿನ ಯಲ್ಲದಕೆರೆಯ ಹುಡುಗರು ಹಗುರವಾದ ಬಾಲ್ಸಾ ಮರದಿಂದ ಅರ್ಧ ಕಿಲೊ ತೂಕದ ಗ್ಲೈಡರ್ ಕಟ್ಟಿದರೆ ಅದನ್ನು ಹೊರುವುದೂ ಅದೇ ವಿದ್ಯೆ: ತೂಕ ಎಲ್ಲಿರಬೇಕು, ರೆಕ್ಕೆ ಎಷ್ಟು ವಾಲಿರಬೇಕು ಎಂಬ ಲೆಕ್ಕ.

ಯಾವ ಮಾದರಿ?

ಮೊದಲ ಸಲ ಕಟ್ಟುವವರಿಗೆ 1950ರ ದಶಕದಲ್ಲಿ ಹೆಸರಾದ 'ಎ-2' ವರ್ಗದ ಗ್ಲೈಡರ್ ಒಳ್ಳೆಯದು. ರೆಕ್ಕೆ ಮತ್ತು ಬಾಲದ ಒಟ್ಟು ವಿಸ್ತೀರ್ಣ 32ರಿಂದ 34 ಚದರ ಡೆಸಿಮೀಟರ್, ತೂಕ 410 ಗ್ರಾಂಗೆ ಕಡಿಮೆ ಇರಕೂಡದು ಎಂಬುದು ಆ ವರ್ಗದ ನಿಯಮ. ಆಗ ಇವು ಯಾರ ಹಿಡಿತವೂ ಇಲ್ಲದೆ ಹಾರುತ್ತಿದ್ದವು. ಆ ಕಾಲದ ಹೆಚ್ಚಿನ ರೇಡಿಯೊ ಮಾದರಿಗಳಲ್ಲಿ ಒಂದೇ ಗುಂಡಿ ಇರುತ್ತಿತ್ತು. ತಿರುಚಿದ ರಬ್ಬರಿನ ಬಲದಿಂದ ಚುಕ್ಕಾಣಿ ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು, ಅಷ್ಟೇ. ರೇಡಿಯೊ ಕೈಕೊಟ್ಟರೂ ನೆಟ್ಟಗೆ ಹಾರುವಂತೆ ಗ್ಲೈಡರ್ ಕಟ್ಟುವುದು ಅಂದಿನವರಿಗೆ ಅನಿವಾರ್ಯವಾಗಿತ್ತು. ನಾವು ಕಲಿಯಬೇಕಾದದ್ದೂ ಅದನ್ನೇ.

ಅಳತೆ

* ರೆಕ್ಕೆ: ಉದ್ದ 165 ಸೆಂ.ಮೀ., ಅಗಲ 16.5 ಸೆಂ.ಮೀ.
* ಅಡ್ಡ ಬಾಲ: 50 × 11 ಸೆಂ.ಮೀ.
* ಒಡಲು: ಸುಮಾರು 100 ಸೆಂ.ಮೀ.
* ರೇಡಿಯೊ ಸೇರಿ ಒಟ್ಟು ತೂಕ: 500ರಿಂದ 550 ಗ್ರಾಂ

ಕಟ್ಟುವ ಹಂತಗಳು

1. ಹಲಗೆ: ಡೊಂಕಿಲ್ಲದ ಹಲಗೆಯ ಮೇಲೆ ನಕ್ಷೆ ಹರಡಿ, ಅಂಟು ಹಿಡಿಯದಂತೆ ತೆಳು ಪ್ಲಾಸ್ಟಿಕ್ ಹೊದಿಸಿ. ಹಲಗೆ ಡೊಂಕಾದರೆ ರೆಕ್ಕೆಯೂ ಡೊಂಕು.

2. ಪಕ್ಕೆಗಳು: ಪ್ಲೈವುಡ್‌ನಲ್ಲಿ ರೆಕ್ಕೆಯ ಅಡ್ಡಸೀಳಿನ ಎರಡು ಅಚ್ಚು ಕತ್ತರಿಸಿ. ನಡುವೆ ಬಾಲ್ಸಾ ತುಂಡುಗಳನ್ನು ಪೇರಿಸಿ ಬೋಲ್ಟ್ ಬಿಗಿದು, ಒಟ್ಟಿಗೇ ಉಪ್ಪು ಕಾಗದದಿಂದ ಉಜ್ಜಿದರೆ ಎಲ್ಲ ಪಕ್ಕೆಗಳೂ ಒಂದೇ ಅಳತೆಗೆ ಬರುತ್ತವೆ. 5 ಸೆಂ.ಮೀ.ಗೆ ಒಂದರಂತೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ಮರದ ಅಂಟಿನಿಂದ ಕೂಡಿಸಿ. ಉದ್ದಕ್ಕೂ ಹಾಯುವ ಮುಖ್ಯ ಪಟ್ಟಿಗೆ ಗಂಟಿಲ್ಲದ ಪೈನ್ ಆರಿಸಿ. ಗ್ಲೈಡರನ್ನು ದಾರ ಕಟ್ಟಿ ಮೇಲಕ್ಕೆಳೆಯುವಾಗ ಭಾರವೆಲ್ಲ ಬೀಳುವುದು ಅದರ ಮೇಲೆ.

3. ರೆಕ್ಕೆಯ ಏರು: ನಡುವಿನ ಎರಡು ಭಾಗ ತಲಾ 50 ಸೆಂ.ಮೀ., ತುದಿಯ ಭಾಗಗಳು ತಲಾ 32.5 ಸೆಂ.ಮೀ. ಒಳಭಾಗದ ಕೊನೆ 4 ಸೆಂ.ಮೀ., ರೆಕ್ಕೆಯ ತುದಿ 13 ಸೆಂ.ಮೀ. ಎತ್ತರಕ್ಕೆ ಬರಲಿ. ಪ್ರತಿ ಕೀಲಿಗೂ 1.5 ಮಿ.ಮೀ. ಪ್ಲೈವುಡ್ ಆಧಾರ ಕೊಡಿ. ಈ ಏರಿನಿಂದಲೇ ವಾಲಿದ ಗ್ಲೈಡರ್ ತಾನಾಗಿ ನೆಟ್ಟಗಾಗುತ್ತದೆ. ಬರೀ ಚುಕ್ಕಾಣಿಯಿಂದ ತಿರುಗಲು ಸಾಧ್ಯವಾಗುವುದೂ ಇದರಿಂದಲೇ.

4. ಒಡಲು: 3 ಮಿ.ಮೀ. ಬಾಲ್ಸಾದ ಉದ್ದನೆ ಪೆಟ್ಟಿಗೆ. ಮೂತಿಯಿಂದ ರೆಕ್ಕೆಯವರೆಗೆ ಒಳಗೆ ತೆಳು ಪ್ಲೈವುಡ್. ರೆಕ್ಕೆಯನ್ನು ಅಂಟಿಸಬೇಡಿ. ಬಿದಿರು ಕಡ್ಡಿ ತೂರಿಸಿ ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ನೆಲಕ್ಕೆ ಬಡಿದಾಗ ರೆಕ್ಕೆ ಮುರಿಯದೆ ಕಳಚಿಕೊಳ್ಳುತ್ತದೆ.

5. ಹೊದಿಕೆ: ಹಳೇ ಕ್ರಮದಲ್ಲಿ ತೆಳು ಟಿಶ್ಯೂ ಕಾಗದ ಅಂಟಿಸಿ, ನೀರು ಸಿಂಪಡಿಸಿ ಬಿಗಿಯಾದ ಮೇಲೆ ಡೋಪ್ ಎಂಬ ಮೆರುಗೆಣ್ಣೆ ಬಳಿಯುತ್ತಾರೆ. ಡೋಪ್ ಬೇಗ ಹೊತ್ತಿಕೊಳ್ಳುತ್ತದೆ, ವಾಸನೆಯೂ ಗಾಟು. ಒಲೆಯಿಂದ ದೂರ, ಗಾಳಿಯಾಡುವ ಕಡೆ ಬಳಿಯಿರಿ. ಒಣಗುವವರೆಗೆ ರೆಕ್ಕೆಯನ್ನು ಹಲಗೆಗೆ ಬಿಗಿದಿಡಿ, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ.

6. ರೇಡಿಯೊ: 2.4 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಿಟರ್, ಸಣ್ಣ ರಿಸೀವರ್, 9 ಗ್ರಾಂನ ಎರಡು ಸರ್ವೊ (ಪುಟ್ಟ ಮೋಟಾರು) ಸಾಕು. ಒಂದು ಚುಕ್ಕಾಣಿಗೆ, ಇನ್ನೊಂದು ಎಲಿವೇಟರ್‌ಗೆ, ಅಂದರೆ ಅಡ್ಡ ಬಾಲದ ಆಡುವ ಭಾಗಕ್ಕೆ. ಎಲಿವೇಟರ್ ಮೇಲಕ್ಕೂ ಕೆಳಕ್ಕೂ 8 ಮಿ.ಮೀ. ಆಡಿದರೆ ಸಾಕು, ಚುಕ್ಕಾಣಿಗೆ ಎರಡೂ ಬದಿಗೆ 20 ಮಿ.ಮೀ. ಬೇಕು. ನಾಲ್ಕು ಸೆಲ್‌ನ, 4.8 ವೋಲ್ಟ್ ಬ್ಯಾಟರಿಯನ್ನು ಮೂತಿಯಲ್ಲೇ ಇಡಿ. ಅಲ್ಲಿ ಹೇಗೂ ಭಾರ ಬೇಕು. ಸೀಸದ ಕೆಲಸವನ್ನು ಅದೇ ಮಾಡುತ್ತದೆ.

ತೂಕದ ಪರೀಕ್ಷೆ

ಹೊಸಬರು ಎಡವುವುದು ಇಲ್ಲಿಯೇ. ಹಳೇ ನಕ್ಷೆಗಳಲ್ಲಿ ತೂಕದ ಕೇಂದ್ರ ರೆಕ್ಕೆಯಗಲದ ಅರ್ಧಕ್ಕೋ ಇನ್ನೂ ಹಿಂದಕ್ಕೋ ಇರುತ್ತದೆ. ಆ ಗ್ಲೈಡರ್‌ಗಳ ಬಾಲವೂ ರೆಕ್ಕೆಯಂತೆ ಭಾರ ಹೊರುವಂಥದ್ದು. ಎಲಿವೇಟರ್ ಜೋಡಿಸಿದ ಮೇಲೆ ಅದೇ ಜಾಗ ಉಳಿಸಿಕೊಂಡರೆ ಗ್ಲೈಡರ್ ಹಿಡಿತಕ್ಕೆ ಬರುವುದಿಲ್ಲ. ಕೇಂದ್ರವನ್ನು ರೆಕ್ಕೆಯ ಮುಂಚೂಣಿಯಿಂದ 6 ಸೆಂ.ಮೀ.ಗೆ ತನ್ನಿ. ಅಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಒಡಲು ಸಮವಾಗಿ ನಿಲ್ಲಬೇಕು. ರೆಕ್ಕೆ ಬಾಲಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ಮೇಲ್ಮುಖವಾಗಿರಲಿ; ಬಾಲದಡಿ ತೆಳು ತುಂಡು ಕೊಟ್ಟು ಇದನ್ನು ಸರಿಪಡಿಸಬಹುದು.

ಬಯಲು, ಗಾಳಿ, ಹೊತ್ತು

ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, ಗ್ಲೈಡರ್‌ಗಲ್ಲ. ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಈ ಹಗುರ ರೆಕ್ಕೆಯನ್ನು ಎಳೆದೊಯ್ಯುತ್ತದೆ. ಸುಗ್ಗಿ ಮುಗಿದ ಮೇಲೆ, ಮಾಗಿಯ ಬೆಳಗಿನ ಹೊತ್ತು ಕಟಾವಾದ ಹೊಲ ಹುಡುಕಿ. ಹೊಲದವರ ಒಪ್ಪಿಗೆ ಪಡೆಯಿರಿ. ತೆಂಗಿನ ತೋಟ, ವಿದ್ಯುತ್ ತಂತಿ ದೂರವಿರಲಿ. ಬಿಸಿಲೇರಿದ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅಲ್ಲಿ ಬಿಸಿಗಾಳಿ ಮೇಲೇರುತ್ತಿದೆ ಎಂದರ್ಥ.

ಚಳ್ಳಕೆರೆಯಲ್ಲಿ ಪರೀಕ್ಷಾ ವಲಯ ಇರುವುದರಿಂದ ಮೊದಲು ಡ್ರೋನ್ ಹಾರಾಟಕ್ಕೆಂದು ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಯಾವ ಬಣ್ಣದಲ್ಲಿದೆ ನೋಡಿ. ಹಸಿರು ವಲಯದಲ್ಲೂ 400 ಅಡಿ ದಾಟಬೇಡಿ, ಗ್ಲೈಡರ್ ಕಣ್ಣಿನಿಂದ ಮರೆಯಾಗಲು ಬಿಡಬೇಡಿ.

ಮೊದಲ ಹಾರಾಟ

ಗಾಳಿಗೆ ಎದುರಾಗಿ ನಿಂತು, ಮೂತಿ ತುಸು ಕೆಳಗಿಟ್ಟು, ಈಟಿಯಂತೆ ನೇರ ತಳ್ಳಿ. ಮೇಲಕ್ಕೆ ಜಿಗಿದು ಮುಗ್ಗರಿಸಿದರೆ ಮೂತಿಗೆ ಚೂರು ತೂಕ ಸೇರಿಸಿ. ನೆಲಕ್ಕೆ ಧಾವಿಸಿದರೆ ಚೂರು ತೆಗೆಯಿರಿ. ಸರಿಹೋದ ಮೇಲೆ 50 ಮೀಟರ್ ದಾರದಲ್ಲಿ ಎಳೆದು ಏರಿಸಬಹುದು. ದಾರ ಸಿಕ್ಕಿಸುವ ಕೊಕ್ಕೆ ತೂಕದ ಕೇಂದ್ರಕ್ಕಿಂತ ಒಂದು ಸೆಂ.ಮೀ. ಮುಂದಿರಲಿ. ಗಾಜು ಬಳಿದ ಮಾಂಜಾ ಖಂಡಿತ ಬೇಡ.

ಕೊನೆಯದಾಗಿ ಒಂದು ಮಾತು. ಟ್ರಾನ್ಸ್‌ಮಿಟರ್‌ನ ಕಡ್ಡಿ ಮುಟ್ಟದೆ ಗ್ಲೈಡರ್ ಹತ್ತು ಸಲ ನೆಟ್ಟಗೆ ಇಳಿಯುವವರೆಗೆ ದಾರ ಕಟ್ಟಬೇಡಿ. ರೇಡಿಯೊ ದಾರಿ ತೋರಿಸಬಲ್ಲದು, ಕಟ್ಟುವಾಗಿನ ತಪ್ಪನ್ನು ತಿದ್ದಲಾರದು.